70,000 ಡಾಲರಿಗೆ ಎನ್‌ಎಸ್‌ಎಕ್ಸ್ ಕೊಳ್ಳಲೋ, ಕಾರ್ವೆಟ್ ಕೊಳ್ಳಲೋ?

ಪ್ರಶ್ನೆ: ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇನೆ. ವಾರಾಂತ್ಯದಲ್ಲಿ ಓಡಿಸಲು ಒಂದು ಹಳೆಯ ಸ್ಪೋರ್ಟ್ಸ್ ಕಾರು ಬೇಕು, ಅದರ ಬೆಲೆಯೂ ಬಿದ್ದುಹೋಗಬಾರದು. ಕೈಯಲ್ಲಿ 70,000 ಡಾಲರ್ ಇದೆ. 1991ರ ಅಕ್ಯುರಾ (ಹೋಂಡಾ) ಎನ್‌ಎಸ್‌ಎಕ್ಸ್ ಒಂದನ್ನು, 1990ರ ಷೆವರ್ಲೆ ಕಾರ್ವೆಟ್ ಜೆಡ್‌ಆರ್-1 ಒಂದನ್ನು ನೋಡಿಟ್ಟಿದ್ದೇನೆ. ಒಬ್ಬ ಸ್ನೇಹಿತರು 60ರ ದಶಕದ ಕಾರ್ವೆಟ್ಟೇ ಸರಿ ಎನ್ನುತ್ತಾರೆ, ಇನ್ನೊಬ್ಬರು ಟೊಯೋಟಾ ಸುಪ್ರಾ ಎನ್ನುತ್ತಾರೆ. ಯಾವುದು ಒಳ್ಳೆಯದು? ಮುಂದೆ ಬೆಂಗಳೂರಿಗೆ ವಾಪಸಾದರೆ ಕಾರನ್ನೂ ತರಬಹುದೇ?

ಉತ್ತರ: ಮೊದಲು ತೀರ್ಮಾನ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಯಾರೂ ಮಾರ್ಪಾಡು ಮಾಡದ, ಗೇರ್‌ಬಾಕ್ಸ್ ದೋಷದಿಂದ ಪಾರಾದ, ಸರ್ವಿಸ್ ದಾಖಲೆಗಳಿರುವ ಎನ್‌ಎಸ್‌ಎಕ್ಸ್ ಆಗಿದ್ದರೆ ಅದನ್ನೇ ಕೊಳ್ಳಿ. ಈ ಮೂರರಲ್ಲಿ ಒಂದು ತಪ್ಪಿದರೂ ಜೆಡ್‌ಆರ್-1 ಕಡೆ ತಿರುಗಿ. ಅದು ನಿಮ್ಮ ಬಜೆಟ್ಟಿನ ಹೆಚ್ಚುಕಡಿಮೆ ಅರ್ಧದಲ್ಲೇ ಸಿಗುತ್ತದೆ. ಉಳಿದದ್ದರಲ್ಲಿ ಹತ್ತು ಸಾವಿರ ಡಾಲರ್ ಬಿಡಿಭಾಗಕ್ಕೆಂದೇ ಎತ್ತಿಡಿ. 60ರ ದಶಕದ ಕಾರ್ವೆಟ್ ಒಳ್ಳೆಯ ಕಾರೇ, ಆದರೆ ಮೊದಲ ಸಲ ಕೊಳ್ಳುವವರು ಹೆಚ್ಚಾಗಿ ಎಡವುವುದು ಅಲ್ಲಿಯೇ. ಈ ಹಣಕ್ಕೆ ಸುಪ್ರಾ ಬೇಡ.

ಅಮೆರಿಕನ್ ಮತ್ತು ಜಪಾನಿ ಕಾರುಗಳ ಹೋಲಿಕೆ ಬಂದಾಗ ಮಾತು ಅಶ್ವಶಕ್ತಿ, ವೇಗ, ಎಂಜಿನ್ ಸದ್ದಿನ ಸುತ್ತಲೇ ಸುತ್ತುತ್ತದೆ. ಸಂಗ್ರಹಕ್ಕೆಂದು ಕೊಳ್ಳುವವರು ನೋಡಬೇಕಾದ ವ್ಯತ್ಯಾಸ ಬೇರೆ. 60–70ರ ದಶಕದ ಅಮೆರಿಕನ್ ಕಾರಿಗೆ ಬಿಡಿಭಾಗದ ಬರವಿಲ್ಲ, ಅನುಮಾನವೆಲ್ಲ ಕಾರಿನ ಗುರುತಿನ ಮೇಲೆ. 90ರ ದಶಕದ ಜಪಾನಿ ಕಾರಿಗೆ ಗುರುತು ಸ್ಪಷ್ಟ, ಬರವೆಲ್ಲ ಬಿಡಿಭಾಗದ್ದು. ನೀವು ಏನನ್ನು ಪರೀಕ್ಷಿಸಬೇಕು, ಯಾವುದಕ್ಕೆ ದುಡ್ಡು ಕೊಡುತ್ತಿದ್ದೀರಿ ಎಂಬುದೆಲ್ಲ ಇದರಿಂದಲೇ ತೀರ್ಮಾನವಾಗುತ್ತದೆ.

1967ರ ಫೋರ್ಡ್ ಮಸ್ಟ್ಯಾಂಗಿನ ಇಡೀ ಬಾಡಿ ಶೆಲ್ ಇಂದಿಗೂ ಹೊಸದಾಗಿ ಸಿಗುತ್ತದೆ. ಹಳೆಯ ಕಾರ್ವೆಟ್ಟಿನ ಚಾಸಿ, ಸೀಟು, ಡ್ಯಾಶ್‌ಬೋರ್ಡ್, ವೈರಿಂಗ್ ಎಲ್ಲವನ್ನೂ ಕ್ಯಾಟಲಾಗ್ ನೋಡಿ ತರಿಸಿಕೊಳ್ಳಬಹುದು. ಇಷ್ಟು ಸುಲಭವಾಗಿ ಭಾಗಗಳು ಸಿಗುವುದರಿಂದಲೇ ಸಾಧಾರಣ ಕಾರಿಗೆ ದುಬಾರಿ ಮಾದರಿಯ ವೇಷ ಹಾಕುವುದೂ ಸುಲಭವಾಗಿದೆ. 1967ರಿಂದ 71ರವರೆಗಿನ ಷೆವರ್ಲೆ ಕ್ಯಾಮರೋ ಕಾರಿನ ವಿನ್ ನಂಬರು (ಪ್ರತಿ ಕಾರಿಗೂ ಕಂಪನಿ ಕೊಡುವ ಗುರುತಿನ ಸಂಖ್ಯೆ) ಆರು ಸಿಲಿಂಡರೋ ಎಂಟು ಸಿಲಿಂಡರೋ ಎಂಬುದನ್ನಷ್ಟೇ ಹೇಳುತ್ತದೆ. ಅದು ನಿಜವಾದ ಜೆಡ್-28, ಅಂದರೆ ಕ್ಯಾಮರೋದ ದುಬಾರಿ ಮಾದರಿ, ಹೌದೋ ಅಲ್ಲವೋ ಎಂದು ಹೇಳುವುದಿಲ್ಲ. ಆ ಕಾಲದ ಫೋರ್ಡ್ ಈ ವಿಷಯದಲ್ಲಿ ವಾಸಿ: ಮಸ್ಟ್ಯಾಂಗಿನ ವಿನ್‌ನ ಐದನೆಯ ಅಕ್ಷರವೇ ಎಂಜಿನ್ ಯಾವುದೆಂದು ತಿಳಿಸುತ್ತದೆ. ಅಲ್ಲಿ ‘ಕೆ’ ಇದ್ದರೆ 271 ಅಶ್ವಶಕ್ತಿಯ 289 ಎಂಜಿನ್ (ಈ ಸಂಖ್ಯೆ ಎಂಜಿನ್ನಿನ ಗಾತ್ರ, ಘನ ಅಂಗುಲದಲ್ಲಿ). ಜತೆಗೆ 1967ರಿಂದೀಚಿನ ಫೋರ್ಡ್ ಕಾರುಗಳಿಗೆ ಕಂಪನಿಯ ಉತ್ಪಾದನಾ ದಾಖಲೆ ಆಧರಿಸಿದ ‘ಮಾರ್ಟಿ ರಿಪೋರ್ಟ್’ ಸಿಗುತ್ತದೆ. ಕಾರ್ವೆಟ್ಟಿನ ವಿನ್‌ನಲ್ಲಿ ಎಂಜಿನ್ ಗುರುತು ಬಂದದ್ದು 1972ರ ಮಾದರಿಯಿಂದ. ಅದಕ್ಕೂ ಹಿಂದಿನ ಕಾರಿನಲ್ಲಿ ಎಂಜಿನ್ ಬ್ಲಾಕಿನ ಮೇಲಿನ ಅಚ್ಚನ್ನೇ ಓದಬೇಕು.

ನಿಮ್ಮ ಸ್ನೇಹಿತರು ಹೇಳುವ 1963–67ರ ಕಾರ್ವೆಟ್ಟನ್ನೇ ತೆಗೆದುಕೊಳ್ಳಿ. ಬಾನೆಟ್ ಎತ್ತಿ, ಪ್ರಯಾಣಿಕರ ಬದಿಯ ಸಿಲಿಂಡರ್ ಹೆಡ್‌ನ ಮುಂದೆ ಬ್ಲಾಕಿನ ಮೇಲಿರುವ ಸಣ್ಣ ಸಮತಟ್ಟಾದ ಜಾಗವನ್ನು ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. 1963ರ ಕಾರಿನಲ್ಲಿ ‘ಎಫ್ 0112 ಆರ್‌ಡಿ’ ಎಂದಿದ್ದರೆ ಫ್ಲಿಂಟ್ ಕಾರ್ಖಾನೆಯಲ್ಲಿ ಜನವರಿ 12ರಂದು ಜೋಡಿಸಿದ, 300 ಅಶ್ವಶಕ್ತಿಯ, ಮ್ಯಾನ್ಯುಯಲ್ ಗೇರಿನ 327 ಎಂಜಿನ್ ಎಂದರ್ಥ. ಕೊನೆಯ ಅಕ್ಷರ ‘ಇ’ ಆಗಿದ್ದರೆ 340 ಅಶ್ವಶಕ್ತಿ, ‘ಎಫ್’ ಆಗಿದ್ದರೆ 360 ಅಶ್ವಶಕ್ತಿಯ ಫ್ಯುಯೆಲ್ ಇಂಜೆಕ್ಷನ್. ಒಂದಕ್ಷರದ ಮೇಲೆ ಹತ್ತಾರು ಸಾವಿರ ಡಾಲರ್ ನಿಂತಿರುತ್ತದೆ, ಆದ್ದರಿಂದಲೇ ಆ ಅಕ್ಷರವನ್ನು ತಿದ್ದುವವರಿದ್ದಾರೆ. ಅದರ ಪಕ್ಕದಲ್ಲೇ ಕಾರಿನ ವಿನ್‌ನ ಕ್ರಮಸಂಖ್ಯೆಯೂ ಅಚ್ಚಾಗಿರಬೇಕು.

ಅಚ್ಚು ಹೊಂದಿದರೆ ಸಾಲದು, ಅದರ ಕೆಳಗಿನ ಲೋಹವನ್ನೂ ನೋಡಬೇಕು. ಕಾರ್ಖಾನೆಯಲ್ಲಿ ಬ್ಲಾಕಿನ ಮೇಲ್ಮೈಯನ್ನು ಕೊರೆದಾಗ ಸೂಕ್ಷ್ಮವಾದ ಸಮಾನಾಂತರ ಗೆರೆಗಳು ಉಳಿಯುತ್ತವೆ. ಹಳೆಯ ಅಚ್ಚನ್ನು ಉಜ್ಜಿ ಹೊಸದು ಹೊಡೆದಿದ್ದರೆ ಆ ಗೆರೆಗಳು ಮಾಯವಾಗಿರುತ್ತವೆ, ಇಲ್ಲವೇ ಅಡ್ಡಾದಿಡ್ಡಿ ಸ್ಯಾಂಡ್‌ಪೇಪರ್ ಗೀರುಗಳಿರುತ್ತವೆ. ಪ್ರಾಮಾಣಿಕವಾಗಿ ಎಂಜಿನ್ ರೀಬಿಲ್ಡ್ ಮಾಡಿಸುವಾಗ ಮೇಲ್ಮೈ ಸಮ ಮಾಡಿಸಿದರೂ ಗೆರೆ ಹೋಗುತ್ತದೆ, ಹಾಗಾಗಿ ಗೆರೆಯಿಲ್ಲದ ಮಾತ್ರಕ್ಕೆ ಮೋಸ ಎನ್ನಲಾಗದು. ಆದರೆ ಗೆರೆ ಇಲ್ಲದೆ ಅಕ್ಷರ ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ಹಿಂದೆ ಸರಿಯಿರಿ. ಬ್ಲಾಕಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕೂಡುವ ಅಂಚಿನಲ್ಲಿ, ಎರಕದ ದಿನಾಂಕವೂ ಇರುತ್ತದೆ: ತಿಂಗಳಿಗೆ ಒಂದಕ್ಷರ, ಜನವರಿಗೆ ‘ಎ’, ಆಮೇಲೆ ದಿನ, ಆಮೇಲೆ ವರ್ಷದ ಕೊನೆಯ ಅಂಕಿ. ಎರಕ ಮೊದಲು, ಎಂಜಿನ್ ಜೋಡಣೆ ಆಮೇಲೆ, ಕಾರಿನ ಜೋಡಣೆ ಕೊನೆಗೆ. ಈ ಕ್ರಮ ತಲೆಕೆಳಗಾಗಿದ್ದರೆ ಆ ಎಂಜಿನ್ ಆ ಕಾರಿನೊಂದಿಗೆ ಹುಟ್ಟಿದ್ದಲ್ಲ.

ಬಾಡಿ ಫೈಬರ್‌ಗ್ಲಾಸ್, ತುಕ್ಕಿನ ಭಯವಿಲ್ಲ ಎನ್ನುವ ಮಾತನ್ನು ನಂಬಬೇಡಿ. ಫೈಬರಿನೊಳಗೆ ಮುಂಗಾಜಿನ ಸುತ್ತ ಉಕ್ಕಿನ ಪಂಜರವಿದೆ, ಅದಕ್ಕೆ ಅಲ್ಲಿ ‘ಬರ್ಡ್‌ಕೇಜ್’ ಎಂದೇ ಹೆಸರು. ಗಾಜಿನ ಸಂದಿನಿಂದ ಇಳಿದ ನೀರು ಕಂಬದ ಬುಡದಲ್ಲಿ ನಿಂತು ಪಂಜರವನ್ನು ತಿನ್ನುತ್ತದೆ. ಕಾಲಿಡುವ ಜಾಗದ ಪಕ್ಕದ ಪ್ಯಾನೆಲ್ ಬಿಚ್ಚಿಸಿ ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿ. ಚಾಸಿ ಹಿಂದಿನ ಚಕ್ರಗಳ ಮುಂದೆ ಮೇಲಕ್ಕೇರುವ ಜಾಗವೂ ಹಾಗೆಯೇ ಕೊಳೆಯುತ್ತದೆ. ಪಂಜರ ರಿಪೇರಿ ಎಂದರೆ ಗಾಜು, ಡ್ಯಾಶ್‌ಬೋರ್ಡ್, ಕೆಲವೊಮ್ಮೆ ಬಾಡಿಯನ್ನೇ ಬಿಚ್ಚುವ ಕೆಲಸ. 1963ರ ಇಬ್ಭಾಗ ಹಿಂಗಾಜಿನ ಕೂಪೆ ಒಟ್ಟು 10,594 ತಯಾರಾದವು. ಅಸಲಿ ಎಂಜಿನ್ನಿನ ಒಳ್ಳೆಯ ಕೂಪೆ ನಿಮ್ಮ 70,000ಕ್ಕೆ ದಕ್ಕುವುದಿಲ್ಲ. ದಕ್ಕಿತೆಂದರೆ ಏಕೆ ಅಗ್ಗ ಎಂದು ಕೇಳಲೇಬೇಕು. ಎಂಜಿನ್ ಬದಲಾದದ್ದನ್ನು ಬಾಯಿಬಿಟ್ಟು ಹೇಳಿ, ಅದಕ್ಕೆ ತಕ್ಕ ಬೆಲೆಗೆ ಮಾರುವ ಕಾರು ಓಡಿಸಲು ಚೆನ್ನಾಗಿಯೇ ಇರುತ್ತದೆ. ನಿಮಗೆ ಸ್ವತಃ ಸ್ಪ್ಯಾನರ್ ಹಿಡಿಯುವ ಹುಮ್ಮಸ್ಸಿದ್ದರೆ ಅದೂ ಕೆಟ್ಟ ಆಯ್ಕೆಯಲ್ಲ.

ಇನ್ನು ನೀವು ನೋಡಿಟ್ಟ ಎರಡು ಕಾರುಗಳು. ಈ ಜೋಡಿಯ ಚರಿತ್ರೆ ಸ್ವಾರಸ್ಯವಾಗಿದೆ. ಎರಡೂ ಒಂದೇ ಹೊತ್ತಿಗೆ ಬಂದವು, ಹೊಸದರಲ್ಲಿ ಎರಡರ ಬೆಲೆಯೂ 60,000 ಡಾಲರ್ ಆಸುಪಾಸು. ಜೆಡ್‌ಆರ್-1 ಎಂದರೆ 31,979 ಡಾಲರಿನ ಕಾರ್ವೆಟ್ಟಿಗೆ 27,016 ಡಾಲರ್ ಸೇರಿಸಿ ಕೊಳ್ಳುವ ಮಾದರಿ. ಅದರ 5.7 ಲೀಟರ್ ಎಲ್‌ಟಿ5 ಎಂಜಿನ್ನನ್ನು ಬ್ರಿಟನ್ನಿನ ಲೋಟಸ್ ಕಂಪನಿಯ ಜತೆಗೂಡಿ ರೂಪಿಸಿ, ದೋಣಿ ಎಂಜಿನ್ ತಯಾರಿಸುವ ಮರ್ಕ್ಯುರಿ ಮೆರೀನ್ ಕಂಪನಿಯಲ್ಲಿ, ಓಕ್ಲಹೋಮದ ಸ್ಟಿಲ್‌ವಾಟರಿನಲ್ಲಿ ಕಟ್ಟಿಸಿದರು: ನಾಲ್ಕು ಕ್ಯಾಮ್, 32 ವಾಲ್ವ್, 375 ಅಶ್ವಶಕ್ತಿ, 1993ರಿಂದ 405. ಎನ್‌ಎಸ್‌ಎಕ್ಸ್‌ನದು 3 ಲೀಟರಿನ ವಿ6, 270 ಅಶ್ವಶಕ್ತಿ, ಟೈಟಾನಿಯಂ ಕನೆಕ್ಟಿಂಗ್ ರಾಡ್, 8,000 ಆರ್‌ಪಿಎಂವರೆಗೆ ಏರುವ ಎಂಜಿನ್, ಪೂರ್ತಿ ಅಲ್ಯುಮಿನಿಯಂ ಬಾಡಿ.

ಶಕ್ತಿಯಲ್ಲಿ ಹಿಂದಿದ್ದ ಎನ್‌ಎಸ್‌ಎಕ್ಸ್ ಇಂದು ಬೆಲೆಯಲ್ಲಿ ಎಷ್ಟೋ ಮುಂದಿದೆ. ಜೆಡ್‌ಆರ್-1 ಒಟ್ಟು 6,939 ಮಾತ್ರ ತಯಾರಾದವು, ಎನ್‌ಎಸ್‌ಎಕ್ಸ್ ಹದಿನೈದು ವರ್ಷಗಳಲ್ಲಿ ಸುಮಾರು 18,000. ಸಂಖ್ಯೆ ಕಡಿಮೆಯಿದ್ದರೆ ಬೆಲೆ ಏರುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯಲಿಲ್ಲ. ಕಾರಣಗಳು ಹಲವು. 1990ರಲ್ಲೇ ಜನ ಜೆಡ್‌ಆರ್-1 ಅನ್ನು ಹೂಡಿಕೆ ಎಂದು ಕೊಂಡು ಗ್ಯಾರೇಜಿನಲ್ಲಿ ಮುಚ್ಚಿಟ್ಟರು, ಆದ್ದರಿಂದ ಕಡಿಮೆ ಓಡಿದ ಕಾರುಗಳು ಇಂದಿಗೂ ಮಾರುಕಟ್ಟೆಯಲ್ಲಿ ಧಾರಾಳ. ನೋಡಲು ಅದು ಸಾಧಾರಣ ಕಾರ್ವೆಟ್ಟಿನಂತೆಯೇ ಇದೆ. ಹಿಂಭಾಗ ಮಾತ್ರ ಅಗಲ. 1992ರಲ್ಲಿ ಸಾಧಾರಣ ಕಾರ್ವೆಟ್ಟಿಗೇ 300 ಅಶ್ವಶಕ್ತಿಯ ಎಂಜಿನ್ ಬಂತು, 2001ರ ಹೊತ್ತಿಗೆ ಜೆಡ್06 ಎಂಬ ಹೊಸ ಕಾರ್ವೆಟ್ ಇನ್ನಷ್ಟು ಶಕ್ತಿ ಕೊಟ್ಟಿತು. ಪ್ರತಿ ಹೊಸ ಕಾರ್ವೆಟ್ ಹಳೆಯದನ್ನು ಮರೆಸುತ್ತಾ ಬಂತು. ಎನ್‌ಎಸ್‌ಎಕ್ಸ್‌ಗೆ ಅಂಥ ಉತ್ತರಾಧಿಕಾರಿ ಬಹಳ ಕಾಲ ಬರಲೇ ಇಲ್ಲ. ಜತೆಗೆ 90ರ ದಶಕದ ಹುಡುಗರು ವಿಡಿಯೊ ಗೇಮಿನಲ್ಲಿ ಓಡಿಸಿದ್ದು ಜಪಾನಿ ಕಾರುಗಳನ್ನು. ಈಗ ದುಡಿಮೆಯ ವಯಸ್ಸಿಗೆ ಬಂದು ಅವನ್ನೇ ಕೊಳ್ಳುತ್ತಿದ್ದಾರೆ. ನನ್ನ ಅಂದಾಜಿನಲ್ಲಿ ಜೆಡ್‌ಆರ್-1 ಇಂದಿಗೂ ಅದರ ಯೋಗ್ಯತೆಗಿಂತ ಅಗ್ಗ, ಆದರೆ ಏರುತ್ತದೆಂದು ನಂಬಿ ಕೊಳ್ಳಬೇಡಿ. ಮೂವತ್ತು ವರ್ಷದಿಂದ ಜನ ಹಾಗೆ ನಂಬಿಯೇ ಕೊಳ್ಳುತ್ತಿದ್ದಾರೆ.

1991ರ ಎನ್‌ಎಸ್‌ಎಕ್ಸ್ ಪರೀಕ್ಷೆಯಲ್ಲಿ ಮೊದಲ ಕೆಲಸ ಗೇರ್‌ಬಾಕ್ಸಿನ ನಂಬರು ಓದುವುದು. 1991 ಮತ್ತು 92ರ ಆರಂಭದ ಕೆಲವು ಐದು ಗೇರಿನ ಪೆಟ್ಟಿಗೆಗಳಲ್ಲಿ ಕೌಂಟರ್‌ಶಾಫ್ಟ್ ಬೇರಿಂಗನ್ನು ಹಿಡಿದಿಡುವ ಸ್ನ್ಯಾಪ್ ರಿಂಗ್ ಕೂರುವ ತೋಡನ್ನು ಅಳತೆ ಮೀರಿ ಕೊರೆದಿದ್ದರು. ರಿಂಗ್ ಅಲುಗಾಡಿ ಒಂದು ದಿನ ಮುರಿಯುತ್ತದೆ. ಶಾಫ್ಟ್ ಜಾಗ ಬಿಟ್ಟು ಸರಿದು, ಗೇರುಗಳ ಹಲ್ಲು ಕೆಡಿಸಿ, ಪೆಟ್ಟಿಗೆಯ ಲೋಹವನ್ನೇ ಒಡೆಯುತ್ತದೆ. ಪೆಟ್ಟಿಗೆಯ ಮೇಲೆ ‘ಜೆ4ಎ4’ ಎಂದು ಶುರುವಾಗುವ ನಂಬರಿದೆ; ದೋಷವಿರುವ ಸರಣಿ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಎನ್‌ಎಸ್‌ಎಕ್ಸ್ ಬಲ್ಲ ಪ್ರತಿ ಮೆಕ್ಯಾನಿಕ್ಕಿಗೂ ಗೊತ್ತು. ನಿಮ್ಮ ಕಾರಿನ ನಂಬರು ಆ ಸರಣಿಯೊಳಗಿದ್ದು, ಕೇಸ್ ಬದಲಿಸಿದ ರಸೀದಿ ಇಲ್ಲದಿದ್ದರೆ, ರಿಪೇರಿಯ ಹಲವು ಸಾವಿರ ಡಾಲರನ್ನು ಬೆಲೆಯಿಂದಲೇ ಇಳಿಸಿಕೊಳ್ಳಿ. ‘ಇಷ್ಟು ವರ್ಷ ಮುರಿದಿಲ್ಲ, ಇನ್ನು ಮುರಿಯುವುದಿಲ್ಲ’ ಎನ್ನುವ ಮಾರಾಟಗಾರರ ಮಾತಿಗೆ ಆಧಾರವಿಲ್ಲ. ಗೇರ್ ಆಯಿಲ್ ಇಳಿಸಿ ಲೋಹದ ಚೂರು ಇದೆಯೇ ಎಂದು ನೋಡಲು ಅನುಮತಿ ಕೇಳಿ.

ಎರಡನೆಯದು ಟೈಮಿಂಗ್ ಬೆಲ್ಟ್. 90,000 ಮೈಲಿ ಅಥವಾ 6 ವರ್ಷ, ಯಾವುದು ಮೊದಲೋ ಅದು. ಕಡಿಮೆ ಓಡಿದ ಕಾರುಗಳಲ್ಲಿ ಎಲ್ಲರೂ ಮರೆಯುವುದು ಈ ವರ್ಷದ ಲೆಕ್ಕವನ್ನು. ಬೆಲ್ಟ್ ಹರಿದರೆ ಪಿಸ್ಟನ್ ವಾಲ್ವಿಗೆ ಬಡಿದು ಎಂಜಿನ್ ಹಾಳಾಗುತ್ತದೆ. ಬೆಲ್ಟ್ ಬದಲಿಸುವಾಗಲೇ ವಾಟರ್ ಪಂಪ್, ಟೆನ್ಷನರ್, ಕ್ರ್ಯಾಂಕಿನ ಪುಲ್ಲಿ ಮೂರನ್ನೂ ಬದಲಿಸಬೇಕು. ಪುಲ್ಲಿಯ ನಡುವಿನ ರಬ್ಬರ್ ಬಿಟ್ಟುಕೊಂಡರೆ ಅದು ಹಿಂದಕ್ಕೆ ಸರಿದು ಹೊಸ ಬೆಲ್ಟನ್ನೇ ಕತ್ತರಿಸುತ್ತದೆ. ಎಂಜಿನ್ ಸೀಟಿನ ಹಿಂದೆ, ರೇಡಿಯೇಟರ್ ಮೂತಿಯಲ್ಲಿ ಇರುವುದರಿಂದ ಕೂಲಂಟ್ ಹೋಸುಗಳು ಸುಮಾರು ಎರಡು ಡಜನ್ ಇವೆ. ಕಾರ್ಖಾನೆಯ ಹೋಸುಗಳೇ ಇನ್ನೂ ಇದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಒಂದೊಂದೇ ಬದಲಿಸುತ್ತಾ ಹೋದರೆ ಪ್ರತಿ ಸಲವೂ ಕೂಲಂಟ್ ಇಳಿಸಿ ಗಾಳಿ ತೆಗೆಯಬೇಕು, ಗಾಳಿ ಉಳಿದರೆ ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ಎಸಿ ಕಂಟ್ರೋಲ್ ಬೋರ್ಡಿನ ಕೆಪಾಸಿಟರುಗಳು ಸೋರಿ ಫ್ಯಾನ್ ತನ್ನಷ್ಟಕ್ಕೆ ಜೋರಾಗಿ ತಿರುಗುವುದು, ಬೋಸ್ ಸ್ಪೀಕರುಗಳು ಕರಕರ ಎನ್ನುವುದು ಮಾಮೂಲು, ಇವಕ್ಕೆ ಹೆದರಬೇಕಿಲ್ಲ. ಬೋರ್ಡನ್ನು ಬಿಚ್ಚಿ ಕೆಪಾಸಿಟರ್ ಬದಲಿಸಿಕೊಡುವವರಿದ್ದಾರೆ. ಹಿಂದಿನ ಟೈರುಗಳ ಒಳ ಅಂಚು ಬೇಗ ಸವೆಯುವುದು ಈ ಕಾರಿನ ಸ್ವಭಾವ.

ಜೆಡ್‌ಆರ್-1 ಅಮೆರಿಕನ್ ಕಾರಾದರೂ ಅದರ ಕಷ್ಟ ಜಪಾನಿ ಕಾರಿನದು. ಸಾಧಾರಣ ಷೆವರ್ಲೆ ವಿ8 ಭಾಗಗಳು ಊರೂರಲ್ಲಿ ಸಿಗುತ್ತವೆ, ಎಲ್‌ಟಿ5ಗೆ ಅವು ಯಾವುವೂ ಹೊಂದುವುದಿಲ್ಲ. ಪ್ರತಿ ಸಿಲಿಂಡರಿಗೆ ಎರಡರಂತೆ 16 ಇಂಜೆಕ್ಟರುಗಳಿವೆ. ಮೂಲ ಇಂಜೆಕ್ಟರಿನೊಳಗಿನ ಸುರುಳಿಯ ಕವಚವನ್ನು ಎಥನಾಲ್ ಬೆರೆತ ಪೆಟ್ರೋಲ್ ಕರಗಿಸುತ್ತದೆ. ಮಲ್ಟಿಮೀಟರಿನಿಂದ ಹದಿನಾರರ ರೆಸಿಸ್ಟೆನ್ಸ್ ಅಳೆಸಿ. ಒಂದೆರಡರಲ್ಲಿ ಓಮ್ ಕಡಿಮೆ ಬಂದರೂ ಇಡೀ ಸೆಟ್ ಬದಲಿಸಬೇಕು. ಸ್ಟಾರ್ಟರ್ ಮೋಟರ್, ಇಗ್ನಿಷನ್ ಕಾಯಿಲ್‌ಗಳು ಇಂಟೇಕ್ ಪ್ಲೀನಮ್ (ಎಂಜಿನ್ನಿಗೆ ಗಾಳಿ ಹಂಚುವ ಪೆಟ್ಟಿಗೆ) ಅಡಿಯಲ್ಲಿವೆ, ಆದ್ದರಿಂದ ಪ್ಲೀನಮ್ ಬಿಚ್ಚಿದಾಗ ಎಲ್ಲ ಕೆಲಸವನ್ನೂ ಒಟ್ಟಿಗೆ ಮುಗಿಸಿಕೊಳ್ಳಿ. ಡ್ಯಾಶ್‌ಬೋರ್ಡಿನಲ್ಲಿ ಪ್ರತ್ಯೇಕ ‘ಪವರ್ ಕೀ’ ಇದೆ. ಅದನ್ನು ಪೂರ್ಣ ಶಕ್ತಿಗೆ ತಿರುಗಿಸಿ, ಎಂಜಿನ್ ಬಿಸಿಯಾದ ಮೇಲೆ ಎರಡನೇ ಗೇರಿನಲ್ಲಿ ಪೂರ್ತಿ ಒತ್ತಿ. 3,500 ಆರ್‌ಪಿಎಂ ದಾಟಿದಾಗ ಕಾರು ಮತ್ತೊಮ್ಮೆ ಮುನ್ನುಗ್ಗಬೇಕು. ನುಗ್ಗದಿದ್ದರೆ ಗಾಳಿಯ ಎರಡನೆಯ ಹಾದಿಗಳನ್ನು ತೆರೆಯುವ ವ್ಯಾಕ್ಯೂಮ್ ಕೊಳವೆ ಎಲ್ಲೋ ಸೀಳಿದೆ. ರಿಪೇರಿ ಸಾಧ್ಯ, ಆದರೆ ಬೆಲೆ ಮಾತಾಡಲು ಅದು ನಿಮ್ಮ ಕೈಗೆ ಸಿಕ್ಕ ಅಸ್ತ್ರ. ಸಸ್ಪೆನ್ಷನ್ ಮತ್ತು ಎಬಿಎಸ್ ಕಂಪ್ಯೂಟರುಗಳ ಎಚ್ಚರಿಕೆ ದೀಪ ಉರಿಯುತ್ತಿದ್ದರೆ ಹುಷಾರು, ಅವಕ್ಕೆ ಹೊಸ ಭಾಗ ಸಿಗುವುದು ಬಲು ಕಷ್ಟ.

ಎರಡೂ ಕಾರಿಗೆ ಅನ್ವಯಿಸುವ ಒಂದು ವಿಷಯ: ಮತ್ತೆ ಬಣ್ಣ ಹೊಡೆದ ಜಾಗ ಹಿಡಿಯಲು ಪೇಂಟ್ ದಪ್ಪ ಅಳೆಯುವ ಗೇಜ್. ಅಗ್ಗದ ಗೇಜುಗಳು ಉಕ್ಕಿನ ಮೇಲೆ ಮಾತ್ರ ಕೆಲಸ ಮಾಡುತ್ತವೆ. ಎನ್‌ಎಸ್‌ಎಕ್ಸ್‌ನ ಅಲ್ಯುಮಿನಿಯಮ್ಮಿಗೆ ಕಬ್ಬಿಣೇತರ ಲೋಹ ಅಳೆಯುವ ಎಡ್ಡಿ ಕರೆಂಟ್ ಗೇಜ್ ಬೇಕು, ಕಾರ್ವೆಟ್ಟಿನ ಫೈಬರಿಗೆ ಅಲ್ಟ್ರಾಸೌಂಡ್ ಗೇಜೇ ಬೇಕು. ಪರೀಕ್ಷೆಗೆ ಬರುವ ಮೆಕ್ಯಾನಿಕ್ಕನ್ನು ಇದನ್ನೇ ಕೇಳಿ; ಉತ್ತರ ತಡವರಿಸಿದರೆ ಬೇರೆಯವರನ್ನು ಹುಡುಕಿ. ಎನ್‌ಎಸ್‌ಎಕ್ಸ್‌ನ ಬಾಗಿಲು, ಬಾನೆಟ್, ಫೆಂಡರುಗಳ ಒಳ ಅಂಚಿನಲ್ಲಿ ವಿನ್ ಸ್ಟಿಕರುಗಳಿರುತ್ತವೆ. ಸ್ಟಿಕರ್ ಇಲ್ಲದ ಅಥವಾ ‘ಆರ್ ಡಾಟ್’ ಎಂದು ಬರೆದಿರುವ ಪ್ಯಾನೆಲ್ ಆಮೇಲೆ ಬದಲಿಸಿದ್ದು. ಒಂದು ಫೆಂಡರ್ ಬದಲಾದರೆ ದೊಡ್ಡ ಮಾತಲ್ಲ. ಚಾಸಿಯವರೆಗೆ ಪೆಟ್ಟು ಹೋಗಿದ್ದರೆ ಬೇಡ, ಅಲ್ಯುಮಿನಿಯಂ ಚೌಕಟ್ಟನ್ನು ಸರಿಯಾಗಿ ಎಳೆದು ಬೆಸೆಯಬಲ್ಲ ವರ್ಕ್‌ಶಾಪುಗಳು ಬೆರಳೆಣಿಕೆಯಷ್ಟು.

ಸುಪ್ರಾ ಏಕೆ ಬೇಡ? ಅಮೆರಿಕದಲ್ಲಿ ಮಾರಿದ, ಟರ್ಬೊ ಇರುವ, ಆರು ಗೇರಿನ ಮ್ಯಾನ್ಯುಯಲ್, ಮಾರ್ಪಾಡಾಗದ ಸುಪ್ರಾ ಒಂದು ಲಕ್ಷ ಡಾಲರ್ ದಾಟಿ ಹೋಗಿದೆ. 70,000ಕ್ಕೆ ಬರುವುದು ಆಟೊಮ್ಯಾಟಿಕ್, ಇಲ್ಲವೇ ದೊಡ್ಡ ಟರ್ಬೊ ಕೂರಿಸಿ ಮೂಲ ಭಾಗಗಳನ್ನು ಎಸೆದಿರುವ ಕಾರು. ಅದರ 2ಜೆಝಡ್ ಎಂಜಿನ್ನಿನ ಬೀಡುಕಬ್ಬಿಣದ ಬ್ಲಾಕ್ ಎಷ್ಟು ಶಕ್ತಿ ಹೇರಿದರೂ ತಾಳಿಕೊಳ್ಳುತ್ತದೆ ಎಂಬ ಖ್ಯಾತಿಯೇ ಆ ಕಾರುಗಳಿಗೆ ಮುಳುವಾಯಿತು, ಮುಟ್ಟದೆ ಉಳಿಸಿದವರು ಕಡಿಮೆ. ಜಪಾನಿನಿಂದ ತರಿಸಿದ ಬಲಬದಿ ಸ್ಟೀರಿಂಗಿನ ಸುಪ್ರಾ ಅಗ್ಗ. 25 ವರ್ಷ ತುಂಬಿದ ಕಾರನ್ನು ಅಮೆರಿಕಕ್ಕೆ ತರಲು ಸುರಕ್ಷತಾ ನಿಯಮದ ಅಡ್ಡಿಯಿಲ್ಲ, ಆ ಲೆಕ್ಕ ತಯಾರಾದ ತಿಂಗಳಿಂದ. ಅಂಥ ಕಾರು ನೋಡುವಿರಾದರೆ ಜಪಾನಿ ಹರಾಜಿನಲ್ಲಿ ಕಾರಿನ ಸ್ಥಿತಿಗೆ ಅಂಕ ಕೊಟ್ಟ ಹಾಳೆ ಕೇಳಿ. 4 ಅಥವಾ 4.5 ಎಂದರೆ ಒಳ್ಳೆಯ ಸ್ಥಿತಿ, ‘ಆರ್’ ಅಥವಾ ‘ಆರ್‌ಎ’ ಎಂದರೆ ಅಪಘಾತವಾಗಿ ರಿಪೇರಿಯಾದದ್ದು. ಹಾಳೆಯ ಕಾರಿನ ಚಿತ್ರದ ಮೇಲೆ ‘ಡಬ್ಲ್ಯು’ ಇದ್ದರೆ ಡೆಂಟ್ ತೆಗೆದು ಬಣ್ಣ ಹೊಡೆದಿದ್ದಾರೆ, ‘ಎಸ್’ ತುಕ್ಕು, ‘ಎಕ್ಸ್‌ಎಕ್ಸ್’ ಬದಲಿಸಿದ ಪ್ಯಾನೆಲ್. ಜಪಾನಿನ ಸುಪ್ರಾದ ಟರ್ಬೊಗಳಲ್ಲಿ ಸೆರಾಮಿಕ್ ಚಕ್ರವಿದೆ, ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಹೆಚ್ಚಿಸಿದರೆ ಅದು ಚೂರಾಗುತ್ತದೆ. ಅಮೆರಿಕಕ್ಕೆ ಕಳಿಸಿದವುಗಳಲ್ಲಿ ಉಕ್ಕಿನ ಚಕ್ರ.

ಮಾಜ್ದಾ ಆರ್‌ಎಕ್ಸ್-7 ನಿಮ್ಮ ಪಟ್ಟಿಯಲ್ಲಿಲ್ಲ, ಆದರೆ ಹುಡುಕಾಟದಲ್ಲಿ ಎದುರಾಗುತ್ತದೆ. ಅದರ ರೋಟರಿ ಎಂಜಿನ್ನಿಗೆ ಸಾಮಾನ್ಯ ಕಂಪ್ರೆಶನ್ ಗೇಜ್ ಸಾಲದು. ಪ್ರತಿ ರೋಟರಿನ ಮೂರೂ ಮುಖಗಳನ್ನು ಬೇರೆಬೇರೆಯಾಗಿ ಅಳೆದು 250 ಆರ್‌ಪಿಎಂಗೆ ಹೊಂದಿಸಿ ಹೇಳುವ ರೋಟರಿ ಗೇಜ್ ಬೇಕು. 120 ಪಿಎಸ್‌ಐ ಹತ್ತಿರವಿದ್ದರೆ ಚೆನ್ನ, 100ಕ್ಕಿಂತ ಕೆಳಗಿದ್ದರೆ ರೀಬಿಲ್ಡ್ ಖರ್ಚನ್ನೂ ಸೇರಿಸಿಯೇ ಬೆಲೆ ಕಟ್ಟಿ.

ಜಪಾನಿ ಕಂಪನಿಗಳು ಬಿಡಿಭಾಗದ ಈ ಬರ ನೀಗಿಸಲು ಕೈಹಾಕಿವೆ. ನಿಸ್ಸಾನ್ 2017ರಲ್ಲಿ ಸ್ಕೈಲೈನ್ ಜಿಟಿ-ಆರ್‌ಗೆ, ಟೊಯೋಟಾ 2020ರಲ್ಲಿ ಸುಪ್ರಾಗೆ, ಅದೇ ವರ್ಷ ಮಾಜ್ದಾ ಆರ್‌ಎಕ್ಸ್-7ಗೆ ಕೆಲವು ಭಾಗಗಳನ್ನು ಮತ್ತೆ ತಯಾರಿಸತೊಡಗಿದವು. ಆದರೂ ಅಮೆರಿಕನ್ ಕ್ಯಾಟಲಾಗುಗಳ ಸಮೃದ್ಧಿಗೆ ಇದು ಎಷ್ಟಕ್ಕೂ ಸಾಲದು. ಜಪಾನಿ ಕಾರು ಕೊಳ್ಳುವಾಗ ಮೂಲ ಚಕ್ರ, ಎಕ್ಸಾಸ್ಟ್, ಜಾಕ್, ಟೂಲ್ ಕಿಟ್, ಮ್ಯಾನ್ಯುಯಲ್ ಎಲ್ಲ ಜತೆಗೆ ಬರುತ್ತವೆಯೇ ಎಂದು ಬೆಲೆ ಮಾತಾಡುವ ಮೊದಲೇ ಕೇಳಬೇಕಾದದ್ದು ಇದಕ್ಕೇ.

ಕೊಂಡ ಮೇಲೆ ನ್ಯೂಜೆರ್ಸಿಯ ಚಳಿಗಾಲದಲ್ಲಿ ಹೊರಗೆ ತೆಗೆಯಬೇಡಿ. ರಸ್ತೆಗೆ ಎರಚುವ ಉಪ್ಪು ಅಲ್ಯುಮಿನಿಯಂ ಬಾಡಿಯನ್ನೂ ಬಿಡುವುದಿಲ್ಲ. ಉಕ್ಕಿನ ಬೋಲ್ಟ್ ಅಲ್ಯುಮಿನಿಯಮ್ಮಿಗೆ ಕೂಡುವ ಜಾಗದಲ್ಲಿ ಕೊರೆತ ಶುರುವಾಗಿ ಸಸ್ಪೆನ್ಷನ್ ಬೋಲ್ಟುಗಳು ಕಚ್ಚಿಕೊಳ್ಳುತ್ತವೆ. ಟ್ಯಾಂಕ್ ತುಂಬಿಸಿ ಫ್ಯುಯೆಲ್ ಸ್ಟೆಬಿಲೈಸರ್ ಹಾಕಿ, ಹತ್ತು ನಿಮಿಷ ಎಂಜಿನ್ ಓಡಿಸಿ ಅದು ಇಂಜೆಕ್ಟರಿನವರೆಗೂ ತಲುಪುವಂತೆ ಮಾಡಿ. ಬ್ಯಾಟರಿಗೆ ಮೆಂಟೇನರ್ ಜೋಡಿಸಿಡಿ. ಟೈರಿನ ಪಕ್ಕದ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಮೇಲಿನ ತೋಡುಗಳು ಸವೆಯದೆ ಆಳವಾಗಿದ್ದರೂ ಆರೇಳು ವರ್ಷ ದಾಟಿದ ಟೈರನ್ನು ಈ ವೇಗದ ಕಾರಿನಲ್ಲಿ ನಂಬಬೇಡಿ. ವಿಮೆ ‘ಅಗ್ರೀಡ್ ವ್ಯಾಲ್ಯೂ’ ಆಗಿರಲಿ, ಅಂದರೆ ಕಾರು ಪೂರ್ತಿ ಹೋದರೆ ಕೊಡುವ ಮೊತ್ತ ಪಾಲಿಸಿಯಲ್ಲೇ ಬರೆದಿರಬೇಕು. ‘ಸ್ಟೇಟೆಡ್ ವ್ಯಾಲ್ಯೂ’ ಎಂಬ ಹೆಸರು ಹತ್ತಿರದ್ದಾದರೂ ಅದರಲ್ಲಿ ಆ ಖಾತ್ರಿಯಿಲ್ಲ. 25 ವರ್ಷ ಮೀರಿದ ಕಾರಿಗೆ ನ್ಯೂಜೆರ್ಸಿ ಕೊಡುವ ‘ಕ್ಯೂಕ್ಯೂ’ ನಂಬರ್ ಪ್ಲೇಟ್ ಪ್ರದರ್ಶನದಂಥ ಉದ್ದೇಶಕ್ಕಷ್ಟೇ; ವಾರಾಂತ್ಯ ಸುತ್ತಾಡುವ ನಿಮಗೆ ಸಾಮಾನ್ಯ ಪ್ಲೇಟೇ ಸರಿ.

ಬೆಂಗಳೂರಿಗೆ ತರುವ ಯೋಚನೆ ಬಿಟ್ಟುಬಿಡಿ. ತಯಾರಾಗಿ 3 ವರ್ಷ ಮೀರಿದ ಬಳಸಿದ ಕಾರನ್ನು ಸಾಮಾನ್ಯ ಆಮದಿನಲ್ಲಿ ಭಾರತ ಒಳಬಿಡುವುದಿಲ್ಲ, ಎಡಬದಿ ಸ್ಟೀರಿಂಗೂ ನಡೆಯುವುದಿಲ್ಲ. 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮ 50 ವರ್ಷ ಮೀರಿದ ವಾಹನಗಳಿಗೆ. 20,000 ರೂಪಾಯಿ ಶುಲ್ಕ, ದಿನಬಳಕೆಗೆ ಅವಕಾಶವಿಲ್ಲ. ನಿಮ್ಮ ಎನ್‌ಎಸ್‌ಎಕ್ಸ್‌ಗೆ 50 ತುಂಬುವುದು 2041ರಲ್ಲಿ. ಹಾಗಾಗಿ ಅಲ್ಲಿಯೇ ಕೊಂಡು ಅಲ್ಲಿಯೇ ಮಾರುವ ಲೆಕ್ಕದಲ್ಲಿ ಕೊಳ್ಳಿ. ಬೆಲ್ಟ್, ಹೋಸ್, ಗೇರ್‌ಬಾಕ್ಸ್ ಕೆಲಸದ ಪ್ರತಿ ರಸೀದಿಯನ್ನೂ ಮೈಲಿ ಬರೆಸಿ ಫೈಲಿನಲ್ಲಿಡಿ. ಬಿಚ್ಚಿದ ಮೂಲ ಭಾಗ ಹಾಳಾಗಿದ್ದರೂ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ, ರಿಪೇರಿ ಮಾಡಿಕೊಳ್ಳಬಲ್ಲವರಿಗೆ ಅದೂ ಬೇಕಾಗುತ್ತದೆ.